ಗೋಡೆಯಲ್ಲಿ ಗುಬ್ಬಿಗೊಂದು ಜಾಗ

ಮಕ್ಕಳೇ, ನಿಮ್ಮ ಊರಿನಲ್ಲಿ ಎಲ್ಲಾದರೂ ಹೊಸ ಮನೆ ಕಟ್ಟುತ್ತಿದ್ದಾರೆಯೇ? ಹಾಗಿದ್ದರೆ ಸ್ವಲ್ಪ ದೂರ ನಿಂತು ನೋಡಿ. ಬಾಗಿಲಿಗೆ ಜಾಗ ಬಿಟ್ಟಿರುತ್ತಾರೆ. ಕಿಟಕಿಗೆ ಬಿಟ್ಟಿರುತ್ತಾರೆ. ನೀರಿನ ಪೈಪಿಗೂ ಬಿಟ್ಟಿರುತ್ತಾರೆ. ಆದರೆ ಗುಬ್ಬಚ್ಚಿಗೆ? ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಹೊಳೆದದ್ದು ಮನೆ ಕಟ್ಟಿಸಿದ ಮೇಲೆ!

ಬೀದರ್ ಜಿಲ್ಲೆಯ ಡಾಬಕಾದಲ್ಲಿ ನಮ್ಮ ಹಳೆಯ ಮನೆಯಿತ್ತು. ಕಲ್ಲುಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ತೊಲೆ, ಮೇಲೆ ಮಣ್ಣಿನ ಮಾಳಿಗೆ. ತೊಲೆ ಗೋಡೆಯೊಳಗೆ ಸೇರುವಲ್ಲಿ ಒಂದು ಸಂದು. ಅಲ್ಲಿ ಪ್ರತಿವರ್ಷ ಗುಬ್ಬಿಗಳ ಸಂಸಾರ. ಅವ್ವ ಜೋಳ ಹಸನು ಮಾಡುವಾಗ ಅವು ಮೊರದ ಪಕ್ಕದಲ್ಲೇ ಕುಪ್ಪಳಿಸುತ್ತಿದ್ದವು. ಮಳೆಗಾಲದಲ್ಲಿ ಮಾಳಿಗೆ ಸೋರತೊಡಗಿತು. ನಾನು ಅದನ್ನು ಕೆಡವಿಸಿ ಸಿಮೆಂಟಿನ ಮನೆ ಕಟ್ಟಿಸಿದೆ.

ಗೃಹಪ್ರವೇಶವಾದ ವಾರದಲ್ಲೇ ಗುಬ್ಬಿಗಳೆರಡು ಬಂದವು. ಕೊಕ್ಕಿನಲ್ಲಿ ಹುಲ್ಲಿನ ಎಳೆ. ನುಣುಪಾದ ಗೋಡೆಯ ಮುಂದೆ ರೆಕ್ಕೆ ಬಡಿದವು, ಹಿಂದಿರುಗಿದವು, ಮತ್ತೆ ಬಂದವು. “ನಮ್ಮ ಮನಿ ಆಯ್ತು. ಅವುಗಳ ಮನಿ ಎಲ್ಲದಪ್ಪ?” ಎಂದು ಅವ್ವ ಕೇಳಿದಳು. ನಾನು ಸುಮ್ಮನೆ ನಿಂತೆ.

ತಪ್ಪು ಸರಿಪಡಿಸಲೆಂದು ತಗಡಿನ ಡಬ್ಬಿಗೆ ತೂತು ಕೊರೆದು ಪಶ್ಚಿಮದ ಗೋಡೆಗೆ ನೇತುಹಾಕಿದೆ. ಗುಬ್ಬಿಗಳು ಒಳಹೊಕ್ಕವು. ಮೊಟ್ಟೆಯಿಟ್ಟವು. ಮರಿಗಳ ದನಿಯೂ ಕೇಳತೊಡಗಿತು. ಏಪ್ರಿಲ್ ಕೊನೆಯ ಒಂದು ಸಂಜೆ ಆ ದನಿ ನಿಂತಿತು. ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಮೂರೂ ಮರಿಗಳು ಸತ್ತಿದ್ದವು.

ಹೀಗೇಕಾಯಿತು? ತೆಳು ತಗಡು ಬಿಸಿಲಿಗೆ ಬೇಗ ಕಾಯುತ್ತದೆ, ಒಳಗಿನ ಗಾಳಿಯನ್ನೂ ಕಾಯಿಸುತ್ತದೆ. ದಪ್ಪ ಗೋಡೆ ಶಾಖವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಗೋಡೆಯೊಳಗಿನ ಸಂದು ತಗಡಿನ ಡಬ್ಬಿಯಷ್ಟು ಕಾಯುವುದಿಲ್ಲ. ಗೂಡು ಗೋಡೆಯೊಳಗೇ ಇರಬೇಕೆಂದು ನನಗೆ ಮನವರಿಕೆಯಾದದ್ದು ಹೀಗೆ.

ಗುಬ್ಬಚ್ಚಿಯ ವೈಜ್ಞಾನಿಕ ಹೆಸರು ಪ್ಯಾಸರ್ ಡೊಮೆಸ್ಟಿಕಸ್. ‘ಡೊಮೆಸ್ಟಿಕಸ್’ ಎಂದರೆ ಮನೆಗೆ ಸೇರಿದ್ದು. ಗುಬ್ಬಿ ದೇಶದಿಂದಲೇ ಮಾಯವಾಗುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿಯ ಪ್ರಕಾರ ಒಟ್ಟಾರೆ ಅದರ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಆದರೆ ಬೆಂಗಳೂರಿನಂಥ ಮಹಾನಗರಗಳಲ್ಲಿ ಇಳಿದಿದೆ. ನಮ್ಮ ಹಳ್ಳಿಯ ಮನೆಗಳೂ ಈಗ ನಗರದ ಮನೆಗಳಂತೆ ಆಗುತ್ತಿವೆ, ಅಲ್ಲವೇ?

ಗೋಡೆ ಏಳುವಾಗ ಒಂದು ಇಟ್ಟಿಗೆಯ ಜಾಗ ಬಿಡುವುದು ಸುಲಭ. ಆದರೆ ಆಗ ಅದು ಯಾರಿಗೂ ನೆನಪಾಗುವುದಿಲ್ಲ. ನನಗೇ ನೆನಪಾಗಲಿಲ್ಲ! ಅದಕ್ಕೇ ನಿಯಮ ಬೇಕು. ಇಂಗ್ಲೆಂಡಿನಲ್ಲಿ ಹ್ಯಾನಾ ಬೋರ್ನ್-ಟೇಲರ್ ಎಂಬ ಲೇಖಕಿ ಇಂಥದೇ ಬೇಡಿಕೆ ಮುಂದಿಟ್ಟರು. ಕಟ್ಟಡಗಳ ಸಂದಿಯಲ್ಲಿ ಗೂಡು ಮಾಡುವ ಸ್ವಿಫ್ಟ್ ಹಕ್ಕಿಗಳಿಗಾಗಿ ಹೊಸ ಮನೆಗಳಲ್ಲಿ ಪೊಳ್ಳು ಇಟ್ಟಿಗೆ ಇಡುವುದು ಕಡ್ಡಾಯವಾಗಲಿ ಎಂದರು. ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2023ರ ಜುಲೈನಲ್ಲಿ ಅಲ್ಲಿನ ಸಂಸತ್ತಿನಲ್ಲಿ ಚರ್ಚೆಯಾಯಿತು. ಮನೆ ಕಟ್ಟುವವರಿಗೆ ಇಂಥ ನಿಯಮ ನಮಗೂ ಹೊಸದಲ್ಲ. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು 2009ರಲ್ಲಿ ಕಡ್ಡಾಯ ಮಾಡಲಾಯಿತು. ನೀರಿಗೆ ನಿಯಮ ಬಂತು. ಹಕ್ಕಿಗೆ ಏಕೆ ಬರಬಾರದು?

ಗುಬ್ಬಿಗೆ ಬೇಕಾದದ್ದಾದರೂ ಎಷ್ಟು? ಸುಮಾರು 32 ಮಿಲಿಮೀಟರ್ ಅಗಲದ ಒಂದು ತೂತು, ಅದರ ಹಿಂದೆ ಗೂಡು ಹಿಡಿಸುವಷ್ಟು ಪೊಳ್ಳು ಜಾಗ. ಬೆಕ್ಕಿಗೆ ಎಟುಕದ ಎತ್ತರ. ಮಧ್ಯಾಹ್ನದ ಬಿಸಿಲು ಬೀಳದ ಉತ್ತರ ಇಲ್ಲವೇ ಪೂರ್ವದ ಗೋಡೆ. ಅಂಗಳದ ಕೋಣೆ ಕಟ್ಟಿಸುವಾಗ ಗೌಂಡಿಗೆ ಹೀಗೆಯೇ ಹೇಳಿದೆ. ಆತ ನಕ್ಕ, ಆದರೆ ಮೂರು ಕಡೆ ಜಾಗ ಬಿಟ್ಟ. ಈಗ ಅವುಗಳಲ್ಲಿ ಒಂದರಲ್ಲಿ ಗೂಡಿದೆ.

ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ನಡೆಯುವುದು ನಿಮಗೆ ಗೊತ್ತೇ? ಅಲ್ಲಿ ಮಾತಾಡುವವರು ನೀವೇ. ಪಂಚಾಯಿತಿಯ ಹಿರಿಯರು ಕೇಳಿಸಿಕೊಳ್ಳಬೇಕು. ಹೊಸ ಶಾಲಾ ಕೋಣೆ, ಅಂಗನವಾಡಿ ಕಟ್ಟುವಾಗ ಗೋಡೆಯಲ್ಲಿ ಗುಬ್ಬಿಗೆ ಜಾಗ ಬಿಡಬೇಕೆಂದು ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ ಕೊಡಿ. ನಕ್ಷೆಯನ್ನೂ ನೀವೇ ಬಿಡಿಸಿ. “ಇದೆಲ್ಲ ಏಕೆ?” ಎಂದು ಯಾರಾದರೂ ಕೇಳಿದರೆ ನಮ್ಮ ಅವ್ವನ ಪ್ರಶ್ನೆಯನ್ನೇ ಅವರಿಗೆ ಕೇಳಿ: ನಮ್ಮ ಮನಿ ಆಯ್ತು, ಅವುಗಳ ಮನಿ ಎಲ್ಲದ?