ಕಪ್ಪು ಟೇಪಿನ ಹಿಂದಿನ ದೀಪ

ಆದೋನಿಯ ಪೇಟೆಯಲ್ಲಿ ನಮ್ಮ ಕಾರಿನ ಹಾರನ್ ಕೈಕೊಟ್ಟಿತು. 2022ರ ಡಿಸೆಂಬರ್, ಹತ್ತಿಯ ಕಾಲ. ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರು, ಹಿಂದೆ ಲಾರಿ, ನಡುವೆ ಕೇರಳದ ನಂಬರು ಹೊತ್ತ ನಮ್ಮ ಹಳೆಯ ಕಾರು. ಒತ್ತಿದರೆ ಸದ್ದಿಲ್ಲ, ಸ್ಟಿಯರಿಂಗನ್ನು ತುಸು ಎಡಕ್ಕೆ ತಿರುಗಿಸಿದರೆ ಒಮ್ಮೆ ಕೂಗಿ ಮತ್ತೆ ಮೌನ.

"ರಾಯರ ಹತ್ತಿರ ಹೊರಟವರಿಗೆ ಹಾರನ್ ಯಾಕಣ್ಣಾ?" ಎಂದು ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ಅವಳಿಂದ ನಾನೊಂದು ಸಂಗತಿಯನ್ನು ಎಂಟು ತಿಂಗಳಿಂದ ಮುಚ್ಚಿಟ್ಟಿದ್ದೆ.

ಭಾವ ತೀರಿಕೊಂಡದ್ದು 2011ರ ಮಳೆಗಾಲದಲ್ಲಿ, ಹೆದ್ದಾರಿಯ ಅಪಘಾತದಲ್ಲಿ. ಆ ಕಾರಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಆಗ ಕಾನೂನೂ ಅದನ್ನು ಕೇಳುತ್ತಿರಲಿಲ್ಲ. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಇದ್ದಿದ್ದರೆ ಭಾವ ಉಳಿಯುತ್ತಿದ್ದರೇ, ಯಾರು ಬಲ್ಲರು? ಆದರೆ ನಾನು 2012ರ ಮಾದರಿಯ ಈ ಕಾರನ್ನು ಹಳತಾಗಿ ಕೊಳ್ಳುವಾಗ ಅರ್ಧ ಹಣ ಕೊಟ್ಟ ತಂಗಿ ಒಂದೇ ಮಾತು ಹೇಳಿದ್ದಳು: "ಚೀಲ ಇರುವ ಕಾರೇ ಆಗಬೇಕು."

ಆ ವರ್ಷ ಏಪ್ರಿಲ್‌ನಲ್ಲಿ ಸ್ಟಿಯರಿಂಗಿನಿಂದ ಕಿರಿಕಿರಿ ಸದ್ದು ಬರುತ್ತದೆಂದು ನಮ್ಮೂರ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿಸಿದ್ದೆ. ಸದ್ದು ನಿಂತಿತು. ಎರಡೇ ದಿನದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿ, ಆರದೆ ಉಳಿಯಿತು. ಮತ್ತೆ ಹೋದೆ. "ಸೆನ್ಸರಿನ ತಂಟೆ, ಹಳೇ ಗಾಡಿಗೆಲ್ಲ ಇದ್ದದ್ದೇ" ಎಂದು ಹೇಳಿ ದೀಪದ ಮೇಲೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ ಕಳುಹಿಸಿದರು. ನನಗೂ ಅದೇ ಬೇಕಿತ್ತೋ ಏನೋ. ಒಪ್ಪಿಕೊಂಡು ಬಂದೆ.

ಆದೋನಿಯಲ್ಲಿ ದಾರಿಯ ಬದಿಗೆ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಸಿಕ್ಕಿದರು. ತೆಲುಗಿನಲ್ಲಿ ಮಾತು ತೆಗೆದವರು, ನಾವು ಅಣ್ಣ ತಂಗಿ ಮಾತಾಡಿಕೊಂಡದ್ದು ಕೇಳಿ ಕನ್ನಡಕ್ಕೆ ಹೊರಳಿದರು. ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದದ್ದು 1953ರಲ್ಲಿ. ನಾವು ಕಾಸರಗೋಡಿನವರು ಕೇರಳಕ್ಕೆ ಸೇರಿದ್ದು 1956ರಲ್ಲಿ. "ಹಂಗಾದ್ರ ನಾವು ನಿಮಗಿಂತ ಮೂರು ವರ್ಷ ಸೀನಿಯರ್ ರೀ" ಎಂದರು.

ಹಾರನ್ನಿನ ಕಥೆ ಕೇಳಿ ಅವರು ಬಾನೆಟ್ ಎತ್ತಲಿಲ್ಲ. ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಿ ಒತ್ತಿ ನೋಡಿದರು. ಆಮೇಲೆ ಟೇಪಿನ ಮೇಲೆ ಬೆರಳಿಟ್ಟು, "ಇದರ ಹಿಂದ ಏನೈತ್ರಿ?" ಎಂದರು. ನಾನು ಉತ್ತರಿಸುವ ಮೊದಲೇ ಕಿತ್ತರು. ತಂಗಿ ಕೆಂಪು ದೀಪವನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

ಸ್ಟಿಯರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಎಂಬುದೊಂದು ಇರುತ್ತದೆ. ಹೆಸರಿಗೆ ಸ್ಪ್ರಿಂಗ್, ನಿಜಕ್ಕೆ ಗಡಿಯಾರದ ಸುರುಳಿಯಂತೆ ಸುತ್ತಿಟ್ಟ ಚಪ್ಪಟೆ ತಂತಿಯ ಪಟ್ಟಿ. ತಿರುಗುವ ಚಕ್ರದೊಳಗಿನ ಏರ್‌ಬ್ಯಾಗಿಗೂ ಹಾರನ್ನಿಗೂ ವಿದ್ಯುತ್ತು ಹೋಗುವುದು ಅದರ ಮೂಲಕವೇ. ಸ್ಟಿಯರಿಂಗ್ ಬಿಚ್ಚಿದವರು ಮರಳಿ ಜೋಡಿಸುವಾಗ ಸುರುಳಿಯನ್ನು ಸರಿಯಾಗಿ ನಡುವಿಗೆ ತಂದು ಕೂರಿಸಬೇಕು. ಇಲ್ಲವಾದರೆ ಪೂರ್ತಿ ಒಂದು ಕಡೆಗೆ ತಿರುಗಿಸಿದಾಗ ಪಟ್ಟಿ ಎಳೆದು ಹರಿಯುತ್ತದೆ. ನಮ್ಮದರಲ್ಲಿ ಏರ್‌ಬ್ಯಾಗಿನ ಎಳೆ ಮೊದಲು ಹೋಗಿತ್ತು, ಹಾರನ್ನಿನದು ಈಗ ಹೋಗುತ್ತಿತ್ತು. ಅವರ ಹುಡುಗ ತಂದ ಸ್ಕ್ಯಾನರೂ ಚಾಲಕನ ಬದಿಯ ಏರ್‌ಬ್ಯಾಗಿನ ಸರ್ಕ್ಯೂಟು ತುಂಡಾಗಿದೆ ಎಂದೇ ತೋರಿಸಿತು. ಎಲ್ಲ ಸ್ಕ್ಯಾನರುಗಳೂ ಇದನ್ನು ಓದುವುದಿಲ್ಲವಂತೆ; ಅಗ್ಗದವು ಬರೇ ಎಂಜಿನ್ನಿನ ಸುದ್ದಿ ಹೇಳುತ್ತವೆ.

"ಹಂಗಾದ್ರ ಢಿಕ್ಕಿ ಆಗಿದ್ದರೆ?" ಎಂದು ತಂಗಿ ಅವರ ಮಾತಿನ ಧಾಟಿಯಲ್ಲೇ ಕೇಳಿದಳು.

"ನಿಮ್ಮಣ್ಣಾರ ಕಡೀದು ಬಿಚ್ತಿರಲಿಲ್ಲಮ್ಮ. ದೀಪ ಉರಿಯೋವಾಗ ನಿಮ್ಮ ಕಡೀದೂ ಖಾತ್ರಿ ಹೇಳಂಗಿಲ್ಲ."

ಒಂದು ರೆಸಿಸ್ಟರ್ ಸಿಕ್ಕಿಸಿದರೆ ದೀಪ ಆರುತ್ತದೆ, ಚೀಲ ಸರಿಯಿದೆಯೆಂದು ಪೆಟ್ಟಿಗೆ ನಂಬುತ್ತದೆ, ಹಾಗೆ ಮಾಡುವವರೂ ಇದ್ದಾರೆ ಎಂದು ಅವರೇ ಹೇಳಿದರು. ತಾನು ಮಾಡುವುದಿಲ್ಲ ಎಂದೂ ಹೇಳಿದರು. ಹೊಸ ಬಿಡಿಭಾಗ ಬಳ್ಳಾರಿಯಿಂದ ಬರಬೇಕು, ನಾಳೆ.

ಕಾರನ್ನು ಅಲ್ಲೇ ಬಿಟ್ಟು ರೈಲಿನಲ್ಲಿ ಮಂತ್ರಾಲಯಂ ರೋಡಿಗೆ ಹೋಗಿ, ಆಟೋ ಹಿಡಿದು ಮಠ ಸೇರಿದೆವು. ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತಾಗ ತಂಗಿ ಕೇಳಿದ್ದು ಒಂದೇ: "ನಿನಗೆ ಗೊತ್ತಿತ್ತಲ್ಲ?" ಗೊತ್ತಿತ್ತು ಎಂದೆ. ಆಮೇಲೆ ಬಹಳ ಹೊತ್ತು ಅವಳು ನೀರನ್ನೇ ನೋಡುತ್ತಿದ್ದಳು.

ಮರುದಿನ ಅವರು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕಾದರು. ಪೆಟ್ಟಿಗೆಯಲ್ಲಿ ಸ್ವಲ್ಪ ವಿದ್ಯುತ್ತು ಉಳಿದಿರುತ್ತದಂತೆ. ಒಳಗಿರುವುದು ಮದ್ದು, ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಚೀಲವನ್ನು ಉಬ್ಬಿಸುವಂಥದ್ದು. ಅದನ್ನು ಅವರು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ, ಮುಖ ಮೇಲಾಗಿಸಿ ಬದಿಗಿಟ್ಟರು. ಹರಿದ ಪಟ್ಟಿ ತೆಗೆದು ತೋರಿಸಿದರು. ಹೊಸದನ್ನು ನಡುವಿಗೆ ತಂದು ಕೂರಿಸಿದರು. ಕೋಡ್ ಅಳಿಸಿದರು. ಕೀಲಿ ತಿರುಗಿಸಿದಾಗ ದೀಪ ಹತ್ತಿತು, ಕೆಲವು ಸೆಕೆಂಡಿನಲ್ಲಿ ಆರಿತು. ಅದು ಮೊದಲು ಹತ್ತಲೇಬೇಕು, ಹತ್ತದಿದ್ದರೂ ದೋಷವೇ ಎಂದರು.

ಹಿಂತಿರುಗುವಾಗ ಆಲೂರಿನಲ್ಲಿ ಚಹಾಕ್ಕೆ ನಿಂತೆವು. ಮತ್ತೆ ಹೊರಡಲು ನಾನು ಕೀಲಿಗೆ ಕೈ ಹಾಕಿದಾಗ ತಂಗಿ, "ತಡಿ, ನಾನು ನೋಡುತ್ತೇನೆ" ಎಂದು ನನ್ನ ಕಡೆಗೆ ಬಾಗಿದಳು. ದೀಪ ಆರಿದ ಮೇಲೆ ಬೆಲ್ಟು ಹಾಕಿಕೊಂಡಳು.