ಚೆಲ್ಲಿದ ಸೀಮೆಎಣ್ಣೆ

ನೀಲಗಿರಿಯ ಪಂದಲೂರು ತಾಲ್ಲೂಕಿನ ಚೇರಂಬಾಡಿಯಲ್ಲಿ ಮುಂಗಾರು ಹಿಡಿಯಿತೆಂದರೆ ಒಗೆದ ಬಟ್ಟೆ ಆರುವುದಿಲ್ಲ, ಸೌದೆ ಹೊತ್ತುವುದಿಲ್ಲ. ಚಹಾ ತೋಟದ ಲೈನ್ ಮನೆಗಳಲ್ಲಿ ಚಳಿಗೆ ಇದ್ದಿಲಿನ ಅಗ್ಗಿಷ್ಟಿಕೆಯೇ ಆಸರೆ. ಹಸಿ ಸೌದೆಗೆ ಬೆಂಕಿ ಹತ್ತಿಸಲೆಂದು ಮೂಲೆಯಲ್ಲೊಂದು ಸೀಮೆಎಣ್ಣೆಯ ಕ್ಯಾನು. ಗುಂಡ್ಲುಪೇಟೆಯ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಒಂದು ಕುಟುಂಬದ ಅಡುಗೆಕೋಣೆಯಲ್ಲಿ ಆ ಕ್ಯಾನಿನ ತಳ ಸೀಳಿ, ರಾತ್ರಿಯೆಲ್ಲ ಎಣ್ಣೆ ಸದ್ದಿಲ್ಲದೆ ಹರಿದಿತ್ತು.

ವಾಸನೆಗೆ ಎಚ್ಚೆತ್ತ ಸೊಸೆ ದೀಪದ ಸ್ವಿಚ್ಚಿನತ್ತ ಕೈ ಚಾಚಿದಳು. ಅತ್ತೆ ಆ ಕೈಯನ್ನು ಹಿಡಿದು ನಿಲ್ಲಿಸಿದರು. ಸ್ವಿಚ್ಚಿನಿಂದ ಕಿಡಿ ಹಾರೀತೆಂಬ ಭಯ ಅವರಿಗೆ. ಮುಂಕೋಣೆಯ ಅಗ್ಗಿಷ್ಟಿಕೆಯಲ್ಲಿ ಬೂದಿಯಡಿ ಇನ್ನೂ ಕೆಂಡವಿತ್ತು. ಮಗುವನ್ನು ನೆರೆಮನೆಗೆ ದಾಟಿಸಿ, ಅಗ್ಗಿಷ್ಟಿಕೆಯನ್ನು ಹೊರಗೊಯ್ದು ಮಳೆಯಲ್ಲಿಟ್ಟು, ಕಿಟಕಿ ಬಾಗಿಲು ತೆರೆದ ಮೇಲೆಯೇ ಅವರು ನೆಲದ ಕಡೆ ನೋಡಿದ್ದು.

ಸೊಸೆ ಬಿಂದಿಗೆ ಎತ್ತಿದಳು. “ನೀರು ಹುಯ್ಯಬೇಡ ಕಣ್ ಮಗ, ಮಣ್ಣು ತಾ” ಎಂದರು ಅತ್ತೆ. ಮಾತು ಸರಿಯೇ. ಸೀಮೆಎಣ್ಣೆ ನೀರಿಗಿಂತ ಹಗುರ. ನೀರು ಸುರಿದರೆ ತೊಳೆದುಹೋಗದೆ ಅದರ ಮೇಲೆ ತೇಲಿ ಮನೆಯೆಲ್ಲ ಹರಡುತ್ತದೆ, ಆಮೇಲೆ ಚರಂಡಿ ಹಿಡಿದು ಕೆಳಗಿನವರು ನೀರು ತುಂಬುವ ತೊರೆಗೆ ಇಳಿಯುತ್ತದೆ. ಆದರೆ ಆಷಾಢದ ಚೇರಂಬಾಡಿಯಲ್ಲಿ ಒಣಮಣ್ಣು ಎಲ್ಲಿಂದ ಬರಬೇಕು? ಪಾತ್ರೆ ಬೆಳಗಲು ಡಬ್ಬದಲ್ಲಿಟ್ಟಿದ್ದ ಹಳೆಯ ಬೂದಿ ಒದಗಿತು. ಅಂದಿನ ಒಲೆಯ ಬೂದಿಯನ್ನು ಅವರು ಮುಟ್ಟಲಿಲ್ಲ. ಅದರೊಳಗೆ ಕೆಂಡ ಅಡಗಿರಬಹುದು. ಬಡಗಿಯ ಮನೆಯಿಂದ ಮರದ ಹೊಟ್ಟು ಬಂತು. ಹರಡಿದ್ದನ್ನು ಹೊರಗಿನಿಂದ ಒಳಕ್ಕೆ ಸುತ್ತುಗಟ್ಟಿ, ಹೀರಲು ಬಿಟ್ಟು, ಗುಡಿಸಿ, ಮತ್ತೆ ಹೊಸ ಹೊಟ್ಟು ಹರಡಿದರು. ಹೀಗೆ ಮೂರು ಸಲ. ಆಮೇಲೆ ನೆರೆಯವರ ಒಲೆಯಲ್ಲಿ ಕಾಯಿಸಿದ ನೀರು, ಸಾಬೂನು ಪುಡಿ. ಆ ನೀರನ್ನೂ ಬಟ್ಟೆಯಿಂದ ಹೀರಿಸಿ ಬಕೀಟಿಗೆ ಹಿಂಡಿದರು. ಎಲ್ಲವನ್ನೂ ತೊರೆಯಿಂದ ದೂರ ಒಯ್ದು ಹಾಕಿದ್ದಾಯಿತು. ಅದೂ ನೆಲವೇ ಅಲ್ಲವೆ ಎಂದು ಕೇಳಿದರೆ ಉತ್ತರವಿಲ್ಲ.

ನಾವು ಇದನ್ನು ಸೀಮೆಯ, ಎಂದರೆ ಹೊರನಾಡಿನ, ಎಣ್ಣೆ ಎಂದೆವು. ಬೆಳಗಾವಿಯ ಕಡೆ ಘಾಸಲೇಟ್, ಮರಾಠಿಯಲ್ಲಿ ರಾಕೇಲ್. ತಮಿಳು, ಮಲಯಾಳಂಗಳು ಮಣ್ಣಿನೆಣ್ಣೆ ಎಂದು ಕರೆದು ಅದರ ಹುಟ್ಟನ್ನು ಹೆಸರಿನಲ್ಲೇ ಉಳಿಸಿಕೊಂಡಿವೆ. ಹೆಸರಿಡುವುದರಲ್ಲಿ ನೆರೆಯವರೇ ಗೆದ್ದರೆನ್ನಬೇಕು.

ಕಪಾಟಿನ ಕೆಳಗಿದ್ದ ಪಡಿತರದ ಅಕ್ಕಿ ಹೋಯಿತು. ಚೀಲದ ತಳವಷ್ಟೇ ನೆನೆದಿದ್ದರೂ ಮೇಲಿನ ಹಿಡಿ ಅಕ್ಕಿಗೂ ವಾಸನೆ ಹತ್ತಿತ್ತು. ಸೊಸೆ ಎರಡು ಸಲ ತೊಳೆದು, ಮೂಸಿ, ಸುಮ್ಮನಾದಳು. ನೆಲದ ಸಿಮೆಂಟು ಕುಡಿದಿದ್ದನ್ನು ಮಾತ್ರ ಯಾವ ಹೊಟ್ಟೂ ಹೊರಗೆಳೆಯಲಿಲ್ಲ. ಅದಕ್ಕೆ ಗಾಳಿಯೊಂದೇ ದಾರಿ. ಗಾಳಿಗೆ ಕಿಟಕಿ ತೆರೆದರೆ ಅತ್ತೆಯ ಕೆಮ್ಮು ಏರುತ್ತಿತ್ತು. ವಾಸನೆ ಇರುವವರೆಗೆ ಬೆಂಕಿಯನ್ನು ಒಳಗೆ ತರುವಂತಿರಲಿಲ್ಲ. ಮಗು ನೆರೆಮನೆಯಲ್ಲೇ ಮಲಗಿತು.

ನಾಲ್ಕನೆಯ ರಾತ್ರಿ ಸೊಸೆ ಅಗ್ಗಿಷ್ಟಿಕೆ ಹಚ್ಚಲೇ ಎಂದು ಕೇಳಿದಳು. ಅತ್ತೆ ಮಂಡಿಯೂರಿ, ನೆಲಕ್ಕೆ ಮೂಗು ತಾಗಿಸಿ ನೋಡಿದರು. “ಇವತ್ತೂ ಬೇಡ” ಎಂದು ಕಂಬಳಿ ಹೊದ್ದರು.