ಕಡಲಕೆರೆಯ ಬದಿಯ ಓಟ

ಬಂಟವಾಳದಿಂದ ಮೂಡಬಿದಿರೆಗೆ ಹೋಗುವವರಿಗೆ ಸಿದ್ಧಕಟ್ಟೆಯ ಮಾರ್ಗವೇ ಹತ್ತಿರವಾದುದು. ಆದರೆ ಕಳೆದ ಕುಂಭ ಮಾಸದ ಒಂದು ಶನಿವಾರ ನಾವು ಬೆಳ್ತಂಗಡಿಯನ್ನು ಬಳಸಿಕೊಂಡು ಹೋಗಬೇಕಾಗಿ ಬಂದಿತು. ಬೆಳ್ತಂಗಡಿಯಲ್ಲಿ ಬಂಧುಗಳೊಬ್ಬರ ಗೃಹಪ್ರವೇಶ. ರಾತ್ರಿ ವೇಣೂರಿನಲ್ಲಿ ಕಂಬಳ. ಮರುದಿನ ಮುಂಜಾನೆ ಮೂಡಬಿದಿರೆಯಲ್ಲಿ ನಮ್ಮ ತಂಗಿಯ ಮಗನು ನೆರೆಹೊರೆಯವರೊಡನೆ ಪ್ರತಿ ಆದಿತ್ಯವಾರವೂ ನಡೆಸುವ ಓಟ. ಈ ಮೂರನೆಯದಕ್ಕೆ ಅವನು ನಮ್ಮನ್ನು ಕರೆದುದು ನೋಡುವುದಕ್ಕಲ್ಲ, ಓಡುವುದಕ್ಕೆ! “ಮಾವಾ, ಅತ್ತೆಯವರನ್ನೂ ಕರೆದುಕೊಂಡೇ ಬನ್ನಿ. ಶುಲ್ಕವಿಲ್ಲ, ಬಹುಮಾನವಿಲ್ಲ, ಬಂದವರೆಲ್ಲರೂ ಓಡಬಹುದು, ನಡೆಯಲೂ ಬಹುದು” ಎಂದು ಹೇಳಿದ್ದನು.

58 ತುಂಬಿದ ನಮಗೆ ಇದು ವಿನೋದವಾಗಿ ತೋರಿತು. ಮನೆಯಾಕೆಗೆ ಮಾತ್ರ ಭಯವಾಯಿತು. ಶಾಲೆ ಬಿಟ್ಟ ಮೇಲೆ ಆಕೆ ಓಡಿದುದೆಂದರೆ, ಅಂಗಳದಲ್ಲಿ ಒಣಹಾಕಿದ ಅಡಕೆಯ ಮೇಲೆ ಅಕಾಲದ ಮಳೆ ಬಿದ್ದಾಗಲಷ್ಟೆ. ಅದಲ್ಲದೆ ಹಿಂದಿನ ವರ್ಷ ಆಕೆ ಮೂರು ತಿಂಗಳು ಹಾಸಿಗೆ ಹಿಡಿದಿದ್ದಳು. ಕಾಯಿಲೆಯೇನೋ ವಾಸಿಯಾಯಿತು, ಧೈರ್ಯ ಮಾತ್ರ ಮರಳಿ ಬರಲಿಲ್ಲ. ದಿನವೂ ತುಸು ನಡೆಯಬೇಕೆಂದು ವೈದ್ಯರು ಹೇಳಿದ್ದರೂ ತುಳಸಿಕಟ್ಟೆಯಿಂದಾಚೆಗೆ ಕಾಲಿಡುತ್ತಿರಲಿಲ್ಲ. “ನಾನು ನಡುದಾರಿಯಲ್ಲಿ ಕುಳಿತುಬಿಟ್ಟರೆ ಕಂಡವರು ನಕ್ಕಾರು” ಎಂಬುದೊಂದೇ ಮಾತು. ಆದುದರಿಂದ ಈ ಪ್ರಯಾಣವು ನಮಗೆ ಬರಿಯ ವಿಹಾರವಾಗಿರಲಿಲ್ಲ.

ನೇತ್ರಾವತಿಯನ್ನು ಹಿಂದೆ ಬಿಟ್ಟು, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ದಾಟಿ ಬೆಳ್ತಂಗಡಿಯನ್ನು ಸೇರಿದೆವು. ಊಟವಾದ ಬಳಿಕ ಬಂಧುಗಳ ಮನೆಯ ಮಕ್ಕಳು ನಮಗೆ ಗಡಾಯಿಕಲ್ಲನ್ನು ತೋರಿಸಿದರು. ಒಂದೇ ಬಂಡೆಯಂತೆ ಆಕಾಶಕ್ಕೆ ಎದ್ದುನಿಂತ ಆ ಬೆಟ್ಟದ ಮೇಲೆ 1794ರಲ್ಲಿ ಟಿಪ್ಪುಸುಲ್ತಾನನು ಕೋಟೆಯನ್ನು ಕಟ್ಟಿಸಿ, ತಾಯಿಯ ನೆನಪಿಗೆ ಜಮಲಾಬಾದೆಂದು ಹೆಸರಿಟ್ಟನು. ಮನೆಯಾಕೆಯು ಅದನ್ನು ಒಮ್ಮೆ ತಲೆಯೆತ್ತಿ ನೋಡಿ, “ನಿಮ್ಮ ಅಳಿಯನು ನಾಳೆ ಇದನ್ನು ಹತ್ತಿಸುವುದಿಲ್ಲವಷ್ಟೆ?” ಎಂದು ಕೇಳಿದಳು.

ಸಂಜೆ ವೇಣೂರಿಗೆ ಬಂದೆವು. ಫಲ್ಗುಣಿಯ ದಡದಲ್ಲಿ, 1604ರಲ್ಲಿ ಅಜಿಲ ಅರಸನು ನಿಲ್ಲಿಸಿದ ಬಾಹುಬಲಿಗೆ ಕೈಮುಗಿದು, ಪೆರ್ಮುಡದ ಕಂಬಳಗದ್ದೆಗೆ ನಡೆದೆವು. ನಮ್ಮ ಜಿಲ್ಲೆಯಲ್ಲಿ ಮಾಗಿಯ ಕಾಲಕ್ಕೆ ವಾರಕ್ಕೊಂದರಂತೆ ಒಂದಲ್ಲ ಒಂದು ಊರಿನಲ್ಲಿ ಕಂಬಳ ನಡೆಯುತ್ತದೆಂಬುದನ್ನು ವಾಚಕರು ಬಲ್ಲರು. ಜೋಡುಕರೆಯ ಕೆಸರುನೀರು ದೀಪದ ಬೆಳಕಿಗೆ ತಾಮ್ರದ ಹಾಗೆ ಹೊಳೆಯುತ್ತಿತ್ತು. ಗಂತಿನಲ್ಲಿ ಕೋಣಗಳನ್ನು ಬಿಟ್ಟೊಡನೆ ಓಟಗಾರನು ಅವುಗಳ ಹಿಂದೆ ಹಾರಿದಂತೆಯೇ ಕಾಣುವುದು. ನಾವು ಉಸಿರೆಳೆದು ಬಿಡುವುದರೊಳಗಾಗಿ ಅವು ಮಂಜೊಟ್ಟಿಯನ್ನು ಏರಿರುವುವು. ಇದೇ ವೇಣೂರಿನ ಕರೆಯಲ್ಲಿ 2020ರ ಫೆಬ್ರವರಿಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು. ಅದೇ ತಿಂಗಳ ಮೊದಲಲ್ಲಿ ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ದೇಶವಿದೇಶಗಳ ಪತ್ರಿಕೆಗಳು ಅವರನ್ನು ಜಮೈಕದ ಉಸೇನ್ ಬೋಲ್ಟರಿಗೆ ಹೋಲಿಸಿದುವು. ಆದರೆ ಕೋಣಗಳ ಸೆಳೆತವಿರುವ ಕೆಸರಿನ ಓಟವನ್ನೂ ಒಬ್ಬನೇ ಓಡುವ ಬಯಲಿನ ಓಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು.

ಕರೆಯ ಬದುವಿನಲ್ಲಿ ನಿಂತಿದ್ದಾಗ ನಮ್ಮ ಮನಸ್ಸಿನಲ್ಲಿ ಎರಡು ಸಂಗತಿಗಳು ಸುಳಿದುವು. ಒಂದು, ನೆನೆದರೆ ನಾಚಿಕೆಯಾಗುವಂಥದು. ಹಿಂದಿನ ಕಾಲದಲ್ಲಿ ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಕೊರಗರನ್ನು ಓಡಿಸುವ ಪದ್ಧತಿಯಿದ್ದಿತು. ಅಂಥ ಅಜಲು ಪದ್ಧತಿಯನ್ನು ನಮ್ಮ ರಾಜ್ಯವು 2000ದ ಕಾಯಿದೆಯಿಂದ ನಿಷೇಧಿಸಿದೆ. ಓಟವು ಒಬ್ಬನಿಗೆ ಕೀರ್ತಿಯನ್ನೂ ಇನ್ನೊಬ್ಬನಿಗೆ ಅವಮಾನವನ್ನೂ ತಂದ ನೆಲವಿದು. ತಾನಾಗಿ ಓಡುವುದಕ್ಕೂ ಓಡಿಸಲ್ಪಡುವುದಕ್ಕೂ ಇರುವ ಅಂತರ ಸಣ್ಣದಲ್ಲ. ಎರಡನೆಯದು, ಮಂಜೊಟ್ಟಿಯಲ್ಲಿ ಆ ರಾತ್ರಿಯೇ ಕಂಡದ್ದು. ಗೆದ್ದ ಕೋಣಗಳ ಸುತ್ತ ಜನ ಕುಣಿಯುತ್ತಿದ್ದಾಗ, ಸೋತ ಜೋಡಿಯ ಯಜಮಾನನೂ ಅವನ ಮಂದಿಯೂ ತಮ್ಮ ಕೋಣಗಳನ್ನು ಪಕ್ಕಕ್ಕೆ ಕರೆದೊಯ್ದು, ಅಷ್ಟೇ ಅಕ್ಕರೆಯಿಂದ ನೀರು ಹೊಯ್ದು ಮೈತೊಳೆದರು. ಮನೆಯಾಕೆಯು ಅದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ನಡುರಾತ್ರಿಗೆ ಮುಂಚೆಯೇ ಹೊರಟು ಮೂಡಬಿದಿರೆಯಲ್ಲಿ ತಂಗಿಯ ಮನೆಯನ್ನು ಸೇರಿದೆವು. ಅಳಿಯನು ನಮಗಾಗಿ ಎಚ್ಚರವಿದ್ದನು. “ಇಂಥ ಓಟವನ್ನು ನೀನು ಎಲ್ಲಿ ಕಲಿತೆಯಪ್ಪಾ?” ಎಂದು ಕೇಳಿದೆವು. ಉದ್ಯೋಗದ ನಿಮಿತ್ತ ಅವನು ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದವನು. ಅವನು ಹೇಳಿದುದು ಹೀಗೆ: ಲಂಡನ್ನಿನ ಬುಷಿ ಎಂಬ ಉದ್ಯಾನದಲ್ಲಿ 2004ರ ಅಕ್ಟೋಬರ್ 2ರಂದು 13 ಮಂದಿ ಸೇರಿ 5 ಕಿಲೋಮೀಟರು ಓಡಿದರು. ಅದನ್ನು ಏರ್ಪಡಿಸಿದ ಪಾಲ್ ಸಿಂಟನ್-ಹೆವಿಟ್ ಎಂಬವರು ಆಗ ಗಾಯಗೊಂಡು ಓಡಲಾರದೆ ಇದ್ದರು. ಗೆಳೆಯರ ಸಹವಾಸ ತಪ್ಪದಿರಲೆಂದೇ ಅವರನ್ನು ಕರೆದು ಓಡಿಸಿದರು. ಆ ಓಟವೇ ಇಂದು ಪಾರ್ಕ್‌ರನ್ ಎಂಬ ಹೆಸರಿನಿಂದ ಅನೇಕ ದೇಶಗಳಲ್ಲಿ ವಾರವಾರವೂ ನಡೆಯುತ್ತದೆ. ಎಲ್ಲಿಯೂ ಶುಲ್ಕವಿಲ್ಲ; ಕೆಲಸವನ್ನೆಲ್ಲ ಸ್ವಯಂಸೇವಕರೇ ಹಂಚಿಕೊಳ್ಳುತ್ತಾರೆ. ಎಲ್ಲರ ಹಿಂದೆ ನಡೆದು ಬರುವುದಕ್ಕೆಂದೇ ಒಬ್ಬ ಸ್ವಯಂಸೇವಕನಿರುತ್ತಾನೆ. ಹೀಗಾಗಿ ಓಡಲು ಬಂದವರಾರಿಗೂ ‘ಕೊನೆಯವರು’ ಎಂಬ ಹೆಸರು ಬಾರದು. “ನಮ್ಮದು ಅವರ ಓಟವಲ್ಲ ಮಾವ, ಆ ಒಂದು ನಿಯಮವನ್ನು ಮಾತ್ರ ಅಲ್ಲಿಂದ ತಂದೆ” ಎಂದನು.

ಬೆಳಗಾಗುವ ಮುನ್ನ ಕಡಲಕೆರೆಗೆ ಹೋದೆವು. ಮೂಡಬಿದಿರೆಯೆಂದರೆ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನೇ ಪ್ರವಾಸಿಗಳು ನೆನೆಯುತ್ತಾರೆ; ಕೆರೆಯೂ ಗಿಡಮರಗಳೂ ಕೂಡಿದ ಈ ಸ್ಥಳವನ್ನು ಕಂಡವರು ಅಷ್ಟಿಲ್ಲ. ಕೋಟಿ-ಚೆನ್ನಯರ ಹೆಸರಿನ ಕಂಬಳ ನಡೆಯುವುದೂ ಇಲ್ಲಿಯೇ. ನೀರಿನ ಮೇಲೆ ಮಂಜು ಹಬ್ಬಿದ್ದಿತು. ಹತ್ತು ಹನ್ನೆರಡು ಮಂದಿ ಸೇರಿದ್ದರು: ಇಬ್ಬರು ಕಾಲೇಜಿನ ಹುಡುಗರು, ಒಬ್ಬ ಅಂಗಡಿಕಾರ, ಮಗಳೊಡನೆ ಬಂದ ಬೀಡಿಕಟ್ಟುವ ಹೆಂಗಸು, ನಮ್ಮ ತಂಗಿ, ಮತ್ತು ನಿವೃತ್ತರಾದ ಒಬ್ಬ ಉಪಾಧ್ಯಾಯರು. ಹಾದಿ ಹೋಗಿಬರುವಾಗ 3 ಕಿಲೋಮೀಟರಿನಷ್ಟು. ಅಂದು ಎಲ್ಲರ ಹಿಂದೆ ಬರುವ ಸರದಿ ಉಪಾಧ್ಯಾಯರದು. ಮನೆಯಾಕೆಯು ಸೆರಗನ್ನು ಬಿಗಿದುಕೊಂಡು ಹಿಂಜರಿಯುತ್ತ ನಿಂತುದನ್ನು ಕಂಡು ಅವರು, “ಅಮ್ಮಾ, ನಾನಿರುವ ತನಕ ನೀವು ಕೊನೆಯವರಲ್ಲ” ಎಂದರು.

ಅಳಿಯನು ಕೈಬೀಸಿದನು. ನಾವು, ರಾತ್ರಿ ಕಂಡ ಓಟದ ಅಮಲು ಇನ್ನೂ ಇಳಿಯದಿದ್ದುದರಿಂದಲೋ ಏನೋ, ಹುಡುಗರ ಜತೆಯಲ್ಲಿಯೇ ಓಡಿದೆವು. ಗರ್ವಭಂಗಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅರ್ಧ ಹಾದಿಗೆ ಮುಂಚೆಯೇ ಪಕ್ಕೆಯಲ್ಲಿ ಸೆಳೆತವೆದ್ದು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆವು. ಅಂಗಡಿಕಾರನು ದಾಟಿ ಹೋದನು, ತಾಯಿಮಗಳೂ ಹೋದರು. ಆ ಬಳಿಕ ತಂಗಿಯ ಕೈಯನ್ನು ಹಿಡಿದು, ನಾಲ್ಕು ಹೆಜ್ಜೆ ನಡೆದು ನಾಲ್ಕು ಹೆಜ್ಜೆ ಓಡುತ್ತ ಮನೆಯಾಕೆಯೂ ಬಂದಳು! ನಮ್ಮನ್ನು ಕಂಡು ನಿಂತಳು. “ಏನಾಯಿತು?” ಎಂದಳು. “ಏನಿಲ್ಲ, ನೀನು ನಡೆ” ಎಂದೆವು. ಒಂದು ಕ್ಷಣ ಯೋಚಿಸಿ, ತಂಗಿಯ ಕೈಯನ್ನು ಬಿಟ್ಟು, ಒಬ್ಬಳೇ ಮುಂದೆ ಹೋದಳು. ಒಂದು ವರ್ಷದ ತರುವಾಯ ಆಕೆ ಆಸರೆಯಿಲ್ಲದೆ ನಡೆದುಹೋಗುವುದನ್ನು ನಾವು ಹಿಂದಿನಿಂದ ನೋಡಿದೆವು. ಪಕ್ಕೆಯ ನೋವು ಮರೆತುಹೋಯಿತು.

ಕಡೆಗೆ ಬಂದ ಉಪಾಧ್ಯಾಯರು ನಮ್ಮ ಪಕ್ಕದಲ್ಲಿ ಕುಳಿತರು. ಅವಸರಪಡಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೆರೆಯ ಮೀನುಗಳ ವಿಷಯವನ್ನು ಮಾತಾಡಿದರು. ಉಸಿರು ತಿರುಗಿದ ಮೇಲೆ ಇಬ್ಬರೂ ನಿಧಾನವಾಗಿ ನಡೆದು ಮುಗಿಸಿದೆವು. ಹೊರಟ ಸ್ಥಳದಲ್ಲಿ ಎಲ್ಲರೂ ಕಾಯುತ್ತಿದ್ದರು. ಒಬ್ಬರೂ ಮನೆಗೆ ಹೋಗಿರಲಿಲ್ಲ. ಬೀಡಿಕಟ್ಟುವ ಹೆಂಗಸಿನ ಮಗಳು ನಮಗೆ ನೀರು ತಂದುಕೊಟ್ಟಳು. ಮಂಜೊಟ್ಟಿಯ ಸೋತ ಕೋಣಗಳ ನೆನಪಾಯಿತು. ನಗುವವರಾರೂ ಇರಲಿಲ್ಲವೆನ್ನುವಂತಿಲ್ಲ; ಮನೆಯಾಕೆಯು ಮನಸಾರೆ ನಗುತ್ತಿದ್ದಳು.

ಕಂಬಳದಲ್ಲಿ ಸಾವಿರ ಮಂದಿ ನೋಡುತ್ತಿರಲು ಒಬ್ಬನು ಓಡುತ್ತಾನೆ. ಅದರ ಸೊಬಗು ಅದಕ್ಕೆ ಉಂಟು. ಆದರೆ ಬದುವಿನ ಮೇಲೆ ನಿಂತು ನೋಡುವ ನಮ್ಮಂಥವರಿಗೂ ಒಂದು ಓಟವಿರಬೇಕಷ್ಟೆ! ಅದಕ್ಕೆ ಬೇಕಾದುದು ಹಣವಲ್ಲ, ಮೈದಾನವೂ ಅಲ್ಲ. ವಾರಕ್ಕೊಂದು ಮುಂಜಾನೆಯೂ, ಎಲ್ಲರ ಹಿಂದೆ ನಡೆಯಲು ಒಪ್ಪುವ ಒಬ್ಬ ಮನುಷ್ಯನೂ ಸಾಕು.

ಸಿದ್ಧಕಟ್ಟೆಯ ಮಾರ್ಗವಾಗಿ ಮರಳುವಾಗ ಮನೆಯಾಕೆಯು ಬಹು ದೂರದವರೆಗೆ ಮಾತಾಡಲಿಲ್ಲ. ಬಂಟವಾಳವು ಹತ್ತಿರವಾದಾಗ, “ಹೊಳೆಯ ಬದಿಯ ಹಾದಿಯಲ್ಲಿ ನೆರೆಮನೆಯವರನ್ನು ಕರೆದರೆ ಬಂದಾರೆ?” ಎಂದು ಕೇಳಿದಳು. ಮುಂದಿನ ಆದಿತ್ಯವಾರ ಐದು ಮಂದಿ ಬಂದರು. ಎಲ್ಲರ ಹಿಂದೆ ನಡೆಯುವ ಕೆಲಸವನ್ನು ನಾವೇ ಕೇಳಿ ವಹಿಸಿಕೊಂಡೆವು.